ಕೊಪ್ಪಳದ ಚಳಿಗಾಲವನ್ನು ಕಡಿಮೆ ಖರ್ಚಿನಲ್ಲಿ, ಮನೆಯ ಅಡುಗೆಯಲ್ಲೇ ಕಳೆಯುವುದು ಹೇಗೆ?

ಮಂಗಳೂರಿನಿಂದ ಕೊಪ್ಪಳಕ್ಕೆ ವರ್ಗವಾಗಿ ಬಂದಿರುವುದಾಗಿಯೂ, ಹೆಂಡತಿ ಮತ್ತು ಚಿಕ್ಕ ಮಗುವಿನೊಂದಿಗೆ ಬಾಡಿಗೆ ಮನೆಯಲ್ಲಿ ಇದು ಮೊದಲ ಚಳಿಗಾಲವೆಂದೂ ಬರೆದಿದ್ದೀರಿ. ರೂಮ್ ಹೀಟರ್, ಗೀಸರ್ ಕೊಳ್ಳಬೇಕೆ, ಸಿಲಿಂಡರ್ ಬೇಗ ಮುಗಿಯದಂತೆ ಅಡುಗೆ ಮಾಡುವುದು ಹೇಗೆ, ಈ ಕಡೆಯವರು ಚಳಿಗೆ ಏನು ಉಣ್ಣುತ್ತಾರೆ ಎಂದು ಕೇಳಿದ್ದೀರಿ. ನಾನು ಕುಷ್ಟಗಿ ತಾಲೂಕಿನ ಹಳ್ಳಿಯಲ್ಲಿ ಬೆಳೆದು, ಮದುವೆಯಾದ ಮೇಲೆ ಕೊಪ್ಪಳದಲ್ಲಿ ಸಂಸಾರ ನಡೆಸುತ್ತಿರುವವಳು. ಹೀಟರಿಗೆ ತೆಗೆದಿಟ್ಟ ಹಣವನ್ನು ಕಾಳುಕಡಿಗೆ ಹಾಕಿ ಎಂಬುದೇ ನನ್ನ ಉತ್ತರ. ನಮ್ಮ ಭಾಗದಲ್ಲಿ ಹೊಲದ ಹೊಸ ಮಾಲು ಪೇಟೆಗೆ ಬರುವುದೇ ಈ ಚಳಿಯ ತಿಂಗಳುಗಳಲ್ಲಿ. ಈಗ ತಿಳಿದು ಕೊಂಡವರಿಗೆ ವರ್ಷದ ಉಳಿದ ದಿನಗಳು ಹಗುರವಾಗುತ್ತವೆ.

ಮೊದಲು ಇಲ್ಲಿನ ಚಳಿಯ ಸ್ವಭಾವವನ್ನು ತಿಳಿಯಬೇಕು. ಕರಾವಳಿಯಲ್ಲಿ ಸಮುದ್ರವೂ ಗಾಳಿಯ ತೇವವೂ ರಾತ್ರಿಯ ಉಷ್ಣತೆ ತೀರ ಇಳಿಯದಂತೆ ತಡೆಯುತ್ತವೆ. ಇಲ್ಲಿ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ. ಆದ್ದರಿಂದ ಹಗಲೆಲ್ಲ ಕಾದ ನೆಲ ಹೊತ್ತು ಮುಳುಗಿದೊಡನೆ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 28–30 ಡಿಗ್ರಿ ಇರುವ ಊರಿನಲ್ಲಿಯೇ ನಸುಕಿಗೆ 15ರ ಆಸುಪಾಸು ಇರುತ್ತದೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಅಂದರೆ ಚಳಿ ರಾತ್ರಿಯದು ಮತ್ತು ಬೆಳಗಿನ ಕೆಲವು ತಾಸಿನದು. ಹಗಲಿಡೀ ಬಿಸಿಲು ಪುಕ್ಕಟೆಯಾಗಿ ಬೀಳುತ್ತದೆ. ಆ ಬಿಸಿಲನ್ನು ಮನೆಯೊಳಗೆ, ಹಾಸಿಗೆಯೊಳಗೆ, ನೀರಿನೊಳಗೆ ಹಿಡಿದಿಟ್ಟುಕೊಂಡರೆ ಯಂತ್ರ ಬೇಕಾಗುವುದಿಲ್ಲ. 2000 ವಾಟಿನ ಹೀಟರನ್ನು ದಿನಕ್ಕೆ ನಾಲ್ಕು ತಾಸು ಹಚ್ಚಿದರೆ ತಿಂಗಳಿಗೆ 240 ಯೂನಿಟ್ ಆಗುತ್ತದೆ. ನೀವು ಗೃಹಜ್ಯೋತಿ ಯೋಜನೆಯಲ್ಲಿದ್ದರೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಕಿಟಕಿ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟು, ಸಂಜೆ ಹೊತ್ತು ಮುಳುಗುವ ಮೊದಲೇ ಮುಚ್ಚಿಬಿಡಿ. ಇಲ್ಲಿಯ ಅನೇಕ ಮನೆಗಳಿಗೆ ಶಹಾಬಾದಿ ಕಲ್ಲಿನ ನೆಲವಿರುತ್ತದೆ, ಅದು ರಾತ್ರಿ ಬಹಳ ತಣ್ಣಗಾಗುತ್ತದೆ. ಕೆಳಗೆ ಗೋಣಿಚೀಲ ಬಿಚ್ಚಿ ಹಾಸಿ, ಅದರ ಮೇಲೆ ಚಾಪೆ ಮತ್ತು ಹಾಸಿಗೆ ಹಾಕಿದರೆ ಅರ್ಧ ಚಳಿ ಅಲ್ಲಿಯೇ ನಿಲ್ಲುತ್ತದೆ. ಹೊದಿಕೆಗೆ ಕೌದಿಯಷ್ಟು ಹಿತವಾದದ್ದನ್ನು ನಾನು ಕಂಡಿಲ್ಲ. ಹಳೆಯ ಹತ್ತಿಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ದಪ್ಪ ದಾರದಿಂದ ಸಾಲು ಹೊಲಿಗೆ ಹಾಕಿದ ಈ ಹೊದಿಕೆಯಲ್ಲಿ ಪದರುಗಳ ನಡುವೆ ನಿಂತ ಗಾಳಿಯೇ ಮೈಯ ಶಾಖವನ್ನು ಕಾಯುತ್ತದೆ. ನಿಮ್ಮ ಮನೆಯ ಹಳೆಯ ಸೀರೆಗಳನ್ನು ಕೊಟ್ಟರೆ ಕೂಲಿಗೆ ಹೊಲಿದುಕೊಡುವ ಹೆಣ್ಣುಮಕ್ಕಳು ಇಲ್ಲಿ ಸಿಗುತ್ತಾರೆ. ಆದರೆ ಹತ್ತಿಯ ಬಟ್ಟೆಯನ್ನೇ ಕೊಡಿ, ನೈಲಾನ್ ಸೀರೆಯ ಕೌದಿ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಒಳಗೆ ಕೌದಿ, ಮೇಲೆ ಕುರಿಯ ಉಣ್ಣೆಯ ಕಂಬಳಿ ಹೊದ್ದರೆ ಕಂಬಳಿಯ ಚುಚ್ಚು ಮಗುವಿಗೆ ತಾಗುವುದಿಲ್ಲ. ಎರಡನ್ನೂ ಮಧ್ಯಾಹ್ನ ಬಿಸಿಲಿಗೆ ಹಾಕಿ, ಬಿಸಿ ಇರುವಾಗಲೇ ಮಡಚಿ ಒಳಗಿಡಬೇಕು. ಸಂಜೆಯವರೆಗೆ ಹೊರಗೇ ಬಿಟ್ಟರೆ ಆ ಶ್ರಮ ವ್ಯರ್ಥ.

ಇನ್ನು ಅಡುಗೆಯ ವಿಷಯ, ನಾನು ಹೆಚ್ಚು ಹೇಳಬೇಕಾದದ್ದು ಇಲ್ಲಿಯೇ ಇದೆ. ಯಾವ ಕಾಳು ಯಾವಾಗ ಹೊಸದಾಗಿ ಬರುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಉಳಿತಾಯ ಆದಂತೆಯೇ. ಸಜ್ಜೆ ಮುಂಗಾರಿಯ ಬೆಳೆ, ದೀಪಾವಳಿಯ ಹೊತ್ತಿಗೆ ಮನೆಗೆ ಬಂದಿರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ತುಂಗಭದ್ರಾ ನೀರಾವರಿಯ ಸೋನಾ ಮಸೂರಿ ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲಾಗುತ್ತದೆ. ಹೊಸ ಅಕ್ಕಿಯ ಅನ್ನ ಅಂಟುತ್ತದೆಂದು ದೂರುವವರು ಚೀಲ ಕೊಂಡು ಕೆಲವು ತಿಂಗಳು ಹಳೆಯದಾಗಲು ಬಿಡುತ್ತಾರೆ. ರಾಯಚೂರು ಕಡೆಯ ತೊಗರಿ ಜನವರಿಗೆ, ಕಡಲೆ ಫೆಬ್ರುವರಿಗೆ, ಎರೆಹೊಲದ ಹಿಂಗಾರಿ ಬಿಳಿಜೋಳ ಮಾರ್ಚಿನ ಸುಮಾರಿಗೆ ಬರುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ಯಾರಾದರೂ ಹೊಸ ಬಿಳಿಜೋಳವೆಂದು ಹೇಳಿ ಹೆಚ್ಚಿನ ಬೆಲೆ ಕೇಳಿದರೆ ಚೆನ್ನಾಗಿ ವಿಚಾರಿಸಿ. ಈಗ ತಿಂಗಳಿಗೆ ಬೇಕಾದಷ್ಟು ಮಾತ್ರ ಜೋಳ ತೆಗೆದುಕೊಂಡು, ವರ್ಷದ ಜೋಳವನ್ನು ರಾಶಿಯ ಕಾಲಕ್ಕೆ ಕೊಳ್ಳುವುದು ಲೇಸು. ಕೊಂಡ ಕಾಳನ್ನು ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಒಣಗಿದ ಬೇವಿನ ಎಲೆಯೊಂದಿಗೆ ತಗಡಿನ ಡಬ್ಬಿಗೆ ಹಾಕಿದರೆ ನುಸಿ ಹತ್ತುವುದು ಕಡಿಮೆ.

ಚಳಿಗೆ ನಮ್ಮವರ ಮುಖ್ಯ ಊಟ ಸಜ್ಜೆಯ ರೊಟ್ಟಿ. ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆಯ ಅಂಶ ಹೆಚ್ಚು, ಅದರಿಂದಲೇ ಅದು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಅದರಿಂದಲೇ ಅದರ ಹಿಟ್ಟು ಬೇಗ ಕೆಡುತ್ತದೆ ಕೂಡ. ಬೀಸಿದ ಎಂಟು ಹತ್ತು ದಿನಗಳಲ್ಲಿ ಹಿಟ್ಟಿಗೆ ಕಮಟು ವಾಸನೆ ಬಂದು ರೊಟ್ಟಿ ಕಹಿಯಾಗುತ್ತದೆ. ಕಾಳನ್ನು ಬೇಕಾದರೆ ಹತ್ತು ಕೆಜಿ ತನ್ನಿ, ಗಿರಣಿಗೆ ಮಾತ್ರ ವಾರಕ್ಕೆ ಆಗುವಷ್ಟೇ ಒಯ್ಯಿರಿ. ಅಂಗಡಿಯ ಪೊಟ್ಟಣದ ಸಜ್ಜೆ ಹಿಟ್ಟು ತಿಂದು, ಸಜ್ಜೆಯೇ ಕಹಿ ಎಂದು ಕೈಬಿಟ್ಟವರನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ರೊಟ್ಟಿ ಮಾಡುವಾಗ ಎಸರು ಚೆನ್ನಾಗಿ ಮರಳಬೇಕು. ಗೋದಿಯಲ್ಲಿರುವ ಜಿಗುಟು ಈ ಹಿಟ್ಟುಗಳಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಸುರಿದು, ಸೌಟಿನ ಹಿಡಿಕೆಯಿಂದ ಕಲಸಿ, ಕೈ ತಾಳುವಷ್ಟು ಆರಿದೊಡನೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಒಂದು ಉಂಡೆ ಹಿಡಿದು ಒತ್ತಿದಾಗ ಅಂಚು ಬಿರಿಯದಿದ್ದರೆ ನಾದಿದ್ದು ಸಾಕಾಗಿದೆ. ಬಡಿಯಲು ಬಾರದಿದ್ದರೆ ಲಟ್ಟಿಸಿ, ಯಾರೂ ಆಕ್ಷೇಪಿಸುವುದಿಲ್ಲ. ಹಂಚಿನ ಮೇಲೆ ಹಾಕಿ ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಹಚ್ಚಿ, ಆ ನೀರು ಆರುವಷ್ಟರಲ್ಲಿ ಮಗುಚಬೇಕು. ಸಂಕ್ರಾಂತಿಯ ಹೊತ್ತಿನಲ್ಲಿ ಬಡಿಯುವಾಗಲೇ ಬಿಳಿ ಎಳ್ಳು ಉದುರಿಸಿ ಒತ್ತುತ್ತೇವೆ. ಬಿಸಿಬಿಸಿ ರೊಟ್ಟಿಯನ್ನು ಮುರಿದು ಬೆಳ್ಳುಳ್ಳಿ, ಉಪ್ಪು, ಹಸಿಮೆಣಸಿನಕಾಯಿ, ಒಂದು ಚಮಚ ತುಪ್ಪ ಹಾಕಿ ಕುಟ್ಟಿ ಹಿಡಿದರೆ ಮುಟಗಿಯಾಗುತ್ತದೆ. ನಸುಕಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಅದೊಂದು ಪೂರ್ಣ ಊಟ. ಮಗುವಿಗೆ ಮೆಣಸಿನಕಾಯಿ ಬಿಟ್ಟು ಬೆಲ್ಲ ಹಾಕಿ ಕೊಡಿ.

ಒಣ ಹವೆಯ ಉಪಕಾರ ಕಾಣುವುದು ಕಡಕ್ ರೊಟ್ಟಿಯಲ್ಲಿ. ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಬೇಯಿಸಿ, ಆರುತ್ತಿರುವ ಹಂಚಿನ ಶಾಖದಲ್ಲಿ ಗರಿಗರಿಯಾಗಿಸಿ ಅರಿವೆ ಮುಚ್ಚಿಟ್ಟರೆ ತಿಂಗಳವರೆಗೂ ಕೆಡುವುದಿಲ್ಲ. ಪುಷ್ಯ ಮಾಸದಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ನೀವು ತಪ್ಪದೆ ಹೋಗಿ. ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ಬಡಿದ ರೊಟ್ಟಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಮಠದ ಮಹಾದಾಸೋಹಕ್ಕೆ ಒಪ್ಪಿಸುತ್ತಾರೆ, ಲಕ್ಷಗಟ್ಟಲೆ ರೊಟ್ಟಿ ಗೋಡೆಯಂತೆ ಒಟ್ಟಿರುತ್ತದೆ. ಅಷ್ಟು ಮೊದಲೇ ಮಾಡಿಟ್ಟರೂ ಅದು ಬೂಸು ಹಿಡಿಯದೆ ಉಳಿಯುವುದು ಈ ಒಣ ಚಳಿಯಿಂದಲೇ. ನಿಮ್ಮ ಮನೆಯಲ್ಲಿಯೂ ವಾರಕ್ಕೊಮ್ಮೆ ಕೂತು ಒಂದೇ ಬಾರಿಗೆ ಬಡಿದಿಟ್ಟರೆ ದಿನವೂ ಹಂಚು ಕಾಯಿಸುವ ಗ್ಯಾಸ್ ಉಳಿಯುತ್ತದೆ.

ಪಲ್ಯಕ್ಕೆ ಈ ದಿನಗಳಲ್ಲಿ ಕಡಲೆಯ ಕುಡಿ ಸಿಗುತ್ತದೆ. ಬಿತ್ತಿದ ತಿಂಗಳು ಕಳೆದ ಮೇಲೆ ಕುಡಿ ಚಿವುಟಿದರೆ ಗಿಡ ಹೆಚ್ಚು ಟೊಂಗೆ ಒಡೆಯುತ್ತದೆ, ಹಾಗಾಗಿ ಪರಿಚಯದ ರೈತರು ಚಿವುಟಿಕೊಳ್ಳಲು ಸಂತೋಷದಿಂದ ಬಿಡುತ್ತಾರೆ. ಎಲೆಯ ಮೇಲೆ ಗಿಡವೇ ಸೂಸುವ ಹುಳಿ ಇರುವುದರಿಂದ ಪಲ್ಯಕ್ಕೆ ಹುಣಸೆಹಣ್ಣು ಕಡಿಮೆ ಸಾಕು. ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿಟ್ಟರೆ ಬೇಸಿಗೆಯಲ್ಲಿ ಸೊಪ್ಪು ತುಟ್ಟಿಯಾದಾಗ ತೊಗರಿಬೇಳೆಯೊಂದಿಗೆ ಕುದಿಸಬಹುದು. ಪುಂಡಿಪಲ್ಯ, ಗುರೆಳ್ಳಿನ ಚಟ್ನಿ, ಅಗಸಿ ಚಟ್ನಿ, ಶೇಂಗಾ ಹಿಂಡಿ ಇವುಗಳನ್ನು ನೆರೆಮನೆಯ ಅಕ್ಕಂದಿರಿಂದ ಕಲಿಯಿರಿ, ಬರೆದು ಹೇಳುವುದಕ್ಕಿಂತ ಅವರ ಕೈ ನೋಡಿ ಕಲಿಯುವುದು ಸುಲಭ.

ಒಂದನ್ನು ಮಾತ್ರ ಬರೆದೇ ಹೇಳುತ್ತೇನೆ, ಅದು ಹಣ್ಣುಮೆಣಸಿನಕಾಯಿಯ ರಂಜಕ, ಏಕೆಂದರೆ ಹಸಿ ಕೆಂಪುಕಾಯಿ ಸಂತೆಗೆ ಬರುವುದು ಇದೇ ಕೆಲವು ವಾರಗಳಲ್ಲಿ. ಒಂದು ಕೆಜಿ ಕಾಯಿಯನ್ನು ತೊಟ್ಟು ಸಹಿತ ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆಯೇ ತೊಟ್ಟು ಬಿಡಿಸಬೇಕು; ಮೊದಲೇ ಬಿಡಿಸಿದರೆ ಕಾಯಿಯೊಳಗೆ ನೀರು ಇಳಿದು ಕೆಲವೇ ದಿನಗಳಲ್ಲಿ ಬೂಸು ಬರುತ್ತದೆ. 200 ಗ್ರಾಂ ಕಲ್ಲುಪ್ಪು, ಒಂದು ಹಿಡಿ ಬೆಳ್ಳುಳ್ಳಿ ಸೇರಿಸಿ ತರಿತರಿಯಾಗಿ ರುಬ್ಬಿ ಭರಣಿಯಲ್ಲಿ ಮೂರು ದಿನ ಬಿಡಿ. ನಂತರ ಹುರಿದ ಮೆಂತ್ಯದ ಪುಡಿ, ಎಂಟು ಹತ್ತು ನಿಂಬೆಹಣ್ಣಿನ ರಸ, ಸ್ವಲ್ಪ ಬೆಲ್ಲ ಸೇರಿಸಿ ಇನ್ನೊಮ್ಮೆ ರುಬ್ಬಿ, ಇಂಗಿನ ಒಗ್ಗರಣೆಯ ಎಣ್ಣೆ ಆರಿದ ಮೇಲೆ ಸುರಿಯಿರಿ. ಒಣ ಚಮಚವನ್ನೇ ಬಳಸಿ. ರೊಟ್ಟಿ, ರಂಜಕ, ಮೊಸರು ಇದ್ದರೆ ಪಲ್ಯವಿಲ್ಲದ ದಿನವೂ ಊಟ ಸಾಗುತ್ತದೆ.

ಸಿಲಿಂಡರ್ ಉಳಿಸಲು ಕಂಬಳಿಯನ್ನೇ ಅಡುಗೆಗೂ ಬಳಸಬಹುದು. ಮೊದಲೇ ನೆನೆಸಿದ ತೊಗರಿಬೇಳೆಗೆ ಕುಕ್ಕರಿನಲ್ಲಿ ಒಂದು ಸೀಟಿ ಬಂದೊಡನೆ ಉರಿ ಆರಿಸಿ, ಕುಕ್ಕರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮುಕ್ಕಾಲು ತಾಸು ಬಿಟ್ಟರೆ ಉಳಿದ ಶಾಖದಲ್ಲಿಯೇ ಬೇಳೆ ಮೆತ್ತಗಾಗುತ್ತದೆ. ಹುರಳಿಗೆ ಇದು ಸಾಲದು. ಅದನ್ನು ರಾತ್ರಿಯಿಡೀ ನೆನೆಸಿ, ನಾಲ್ಕೈದು ಸೀಟಿ ಕೂಗಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿ, ಕಾಳನ್ನು ಉಸುಳಿ ಮಾಡಿದರೆ ಒಂದು ಉರಿಗೆ ಎರಡು ಪದಾರ್ಥವಾಗುತ್ತದೆ. ನೆಗಡಿಯಾದವರಿಗೆ ಬೆಳ್ಳುಳ್ಳಿ, ಮೆಣಸು ಹಾಕಿದ ಹುರಳಿಕಟ್ಟಿನ ಸಾರು ಗಂಟಲಿಗೆ ಬಹಳ ಹಿತ. ಮೊಸರು ಚಳಿಗೆ ಹೆಪ್ಪಾಗದಿದ್ದರೆ ಹಾಲನ್ನು ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಿಟ್ಟು ಹೆಪ್ಪು ಹಾಕಿ, ಪಾತ್ರೆಯನ್ನು ಹಿಟ್ಟಿನ ಡಬ್ಬಿಯೊಳಗೆ ಇಡಿ.

ನೀರಿನ ವಿಷಯದಲ್ಲಿ ಗೀಸರ್ ಇಲ್ಲದೆಯೂ ನಡೆಯುತ್ತದೆ. ಹೊರಗೆ ಕಪ್ಪು ಬಳಿದ ಮುಚ್ಚಳದ ಡಬ್ಬಿಯಲ್ಲಿ ಬೆಳಿಗ್ಗೆ ನೀರು ತುಂಬಿ ಮಾಳಿಗೆಯ ಮೇಲಿಟ್ಟರೆ ಮಧ್ಯಾಹ್ನ ಮೂರರ ಹೊತ್ತಿಗೆ ಬೆಚ್ಚಗಿನ ನೀರು ಸಿದ್ಧವಿರುತ್ತದೆ, ಮಗುವಿನ ಸ್ನಾನವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ನೀವು ಬೆಳಿಗ್ಗೆ ಕಚೇರಿಗೆ ಹೋಗಬೇಕಾದವರು, ನಿಮಗೆ ಒಂದು ಬಕೆಟ್ ಕಾಯಿಸಲು ಅರ್ಧ ಯೂನಿಟ್ ವಿದ್ಯುತ್ ಸಾಕು. ಕಾಯಿಸುವ ರಾಡನ್ನು ಬಳಸುವುದಾದರೆ ಸ್ವಿಚ್ ಆರಿಸಿ ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಿ, ಮಗು ಬಚ್ಚಲ ಹತ್ತಿರ ಬರದಂತೆ ನೋಡಿಕೊಳ್ಳಿ. ಇದಕ್ಕಿಂತ ದೊಡ್ಡ ಎಚ್ಚರಿಕೆ ಕೆಂಡದ ಬಗ್ಗೆ. ಹಳ್ಳಿಯಲ್ಲಿ ಕುಳ್ಳು, ಹತ್ತಿಕಟ್ಟಿಗೆಯ ಬೆಂಕಿಯನ್ನು ಅಂಗಳದಲ್ಲಿ ಕಾಯಿಸಿಕೊಳ್ಳುವುದನ್ನು ನೋಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿಯೇ ಪ್ರಾಣ ಹೋಗುತ್ತದೆ. ಬೆಂಕಿ ಬೇಕೆನಿಸಿದರೆ ಅಂಗಳದಲ್ಲಿ ಹಚ್ಚಿ, ನೀರು ಚಿಮುಕಿಸಿ ಪೂರ್ತಿ ಆರಿಸಿಯೇ ಒಳಗೆ ಬನ್ನಿ.