ಬಿದ್ದ ಮೇಲೆ ಅಜ್ಜಿ ಏನೇನೋ ಮಾತಾಡುತ್ತಿದ್ದಾರೆ, ಇದು ವಯಸ್ಸಿನ ಮರೆವಾ?

ಎರಡೇ ದಿನದಲ್ಲಿ ಶುರುವಾಗಿದೆ, ಬೆಳಿಗ್ಗೆ ಸರಿ ಇದ್ದವರು ಸಂಜೆ ಹೊತ್ತಿಗೆ ಯಾವತ್ತೋ ಬಿಟ್ಟ ಮಲ್ಲೇಶ್ವರದ ಮನೆಗೆ ಹೊರಡೋಣ ಅಂತ ಹಟ ಮಾಡುತ್ತಾರೆ ಅಂದಿರಲ್ವಾ? ಹಾಗಾದರೆ ಮರೆವಿಗಿಂತ ಡೆಲಿರಿಯಂ, ಅಂದರೆ ದಿಢೀರನೆ ಶುರುವಾಗಿ ಹೆಚ್ಚು ಕಡಿಮೆ ಆಗುತ್ತಿರುವ ಬುದ್ಧಿಯ ಗೊಂದಲ, ಇರುವ ಸಾಧ್ಯತೆ ಜಾಸ್ತಿ. ಇವತ್ತೇ ತೋರಿಸಿ. ತಲೆಗೆ ಪೆಟ್ಟಾಗಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರಂತೂ ಕಾಯಲೇಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಯುವುದು, ಮಲಬದ್ಧತೆ, ನಿದ್ದೆ ಮಾತ್ರೆ, ಸುಮ್ನೆ ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ ಕೂಡ ಹೀಗೆ ಮಾಡಬಹುದು, ಅದಕ್ಕೇ ಮಾತ್ರೆ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿ.ಪಿ. ನೋಡಲು ಹೇಳಿ. ಮೇಲಿನ ಅಂಕಿ 20 ಇಳಿದರೆ ಬಿದ್ದ ಕಾರಣ ಅಲ್ಲೇ ಸಿಗಬಹುದು. ಸುಧಾರಿಸಿಕೊಂಡ ಮೇಲೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ವಾಪಸ್ ಬಂದು ಕೂರಲು 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಮತ್ತೆ ಬೀಳುವ ಅಪಾಯ ಇದೆ ಅಂತಲೇ ಲೆಕ್ಕ.