ಹಳೇ ಇಂಗ್ಲಿಷ್ ಪುಡಿಂಗಿಗೆ ಸೂಯೆಟ್ ಬದಲು ಬೆಣ್ಣೆ ಹಾಕಬಹುದೇ? ಹಾಕಿ ಕೆಟ್ಟವರ ಉತ್ತರ

ಬ್ರಿಟಿಷರ ಅಡುಗೆ ಮೊದಲಿನಿಂದಲೂ ಸಪ್ಪೆ, ಅದರಲ್ಲಿ ಸ್ವಲ್ಪ ರುಚಿಯಿರುವ ಹ್ಯಾನಾ ಗ್ಲಾಸ್‌ಳ 1747ರ ಅಡುಗೆ ಪುಸ್ತಕದ ಪ್ಲಮ್ ಪುಡಿಂಗನ್ನು ಬೆಂಗಳೂರಿನಲ್ಲಿ ಮಾಡಬೇಕು, ಸೂಯೆಟ್ (ಕಿಡ್ನಿ ಸುತ್ತಲಿನ ಕೊಬ್ಬು) ಸಿಗದು, ಬೆಣ್ಣೆ, ತುಪ್ಪ, ಡಾಲ್ಡಾ ಇವುಗಳಲ್ಲಿ ಯಾವುದು ವಾಸಿ ಎಂದು ಕೇಳಿದ್ದೀರಿ. ಮೂರೂ ಬೇಡ.

ಇದೇ ಪುಡಿಂಗನ್ನು ಮೊದಲ ಸಲ ಮಾಡಿದಾಗ ನಾನು ಸೂಯೆಟ್ ಇದ್ದ ಕಡೆಯಲ್ಲೆಲ್ಲ ಅಷ್ಟೇ ತೂಕದ ಬೆಣ್ಣೆ ಹಾಕಿದೆ. ಕೊಬ್ಬಿಗೆ ಕೊಬ್ಬು, ಏನಾದೀತು ಎಂಬ ಲೆಕ್ಕ. ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಐದು ಗಂಟೆ ಕುದಿಸಿ ಬಿಚ್ಚಿದರೆ ಒಳಗಿದ್ದದ್ದು ದ್ರಾಕ್ಷಿ ಬೆರೆಸಿದ ಅಂಬಲಿ. ನೀರಿನ ಮೇಲೆ ಹಳದಿ ಜಿಡ್ಡಿನ ಪದರ. ಸುಮಾರು ಅರ್ಧ ಕಿಲೋ ಬೆಣ್ಣೆ, ಒಂದು ಕಿಲೋ ಒಣದ್ರಾಕ್ಷಿ ಮೋರಿಗೆ ಹೋಯಿತು.

ಯಾಕೆ ಹಾಗಾಯಿತು ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಸೂಯೆಟ್ ಎಂದರೆ ದನ ಅಥವಾ ಕುರಿಯ ಕಿಡ್ನಿಯ ಸುತ್ತ ಇರುವ ಗಟ್ಟಿ ಕೊಬ್ಬು. ಅದು ಕರಗುವುದು 45ರಿಂದ 50 ಡಿಗ್ರಿಯಲ್ಲಿ. ಬೆಣ್ಣೆ 32-35ಕ್ಕೇ ಕರಗುತ್ತದೆ. ಮೈದಾದ ಪಿಷ್ಟ ನೀರು ಹೀರಿ ಗಟ್ಟಿಯಾಗಲು, ಮೊಟ್ಟೆ ಬಿಗಿಯಲು ಸುಮಾರು 60 ಡಿಗ್ರಿ ದಾಟಬೇಕು. ದೊಡ್ಡ ಉಂಡೆಯ ನಡುಭಾಗಕ್ಕೆ ಶಾಖ ತಲುಪುವುದು ಬಹಳ ನಿಧಾನ. ಅಲ್ಲಿಯವರೆಗೂ ಸೂಯೆಟ್ ತುಣುಕುಗಳು ಹಿಟ್ಟನ್ನು ಹಿಡಿದು ನಿಲ್ಲಿಸಿರುತ್ತವೆ. ಅವು ಕರಗುವ ಹೊತ್ತಿಗೆ ಸುತ್ತಲಿನ ಹಿಟ್ಟು ಬಿಗಿಯತೊಡಗಿರುತ್ತದೆ, ಕರಗಿದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಬೇಕಿಂಗ್ ಪೌಡರ್ ಇನ್ನೂ ಹುಟ್ಟಿರದ ಕಾಲದಲ್ಲಿ (ಅದು ಬಂದದ್ದು 1843ರಲ್ಲಿ) ಪುಡಿಂಗ್ ಹಗುರವಾಗುತ್ತಿದ್ದುದರ ಗುಟ್ಟು ಇದೇ. ಬೆಣ್ಣೆಯಾದರೋ ಹಿಟ್ಟು ಇನ್ನೂ ಹಸಿಯಾಗಿರುವಾಗಲೇ ಎಣ್ಣೆಯಾಗಿ ಕೆಳಗಿಳಿಯುತ್ತದೆ, ಬಟ್ಟೆಗೆ ಸವರಿದ ಹಿಟ್ಟಿನ ಪೊರೆಯನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಅದು ಹೋದ ದಾರಿಯಲ್ಲೇ ನೀರು ಒಳಗೆ ಬರುತ್ತದೆ. ಸಾಲದ್ದಕ್ಕೆ ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರೇ ಇದೆ. ತುಪ್ಪದಲ್ಲಿ ನೀರಿಲ್ಲ, ಆದರೆ ಕರಗುವ ಶಾಖ ಬೆಣ್ಣೆಯದೇ. ಡಾಲ್ಡಾ ಸ್ವಲ್ಪ ಮೇಲು, ಆದರೂ ಸೂಯೆಟ್ ಮಟ್ಟಕ್ಕೆ ಬರದು. ಫ್ರೀಜರಿನಲ್ಲಿ ಕಲ್ಲು ಮಾಡಿ ತುರಿದು ಹಾಕಿದರೂ ಕುದಿವ ನೀರಿಗೆ ಅದು ಲೆಕ್ಕಕ್ಕಿಲ್ಲ.

ಸೂಯೆಟ್ ಸಿಗದು ಎಂಬುದನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಬೀದಿಯ ಮಟನ್ ಅಂಗಡಿಯಲ್ಲಿ ಕಿಡ್ನಿ ಸುತ್ತಲಿನ ಚರ್ಬಿ ಬೇಕು ಎಂದು ಹಿಂದಿನ ದಿನವೇ ಹೇಳಿಡಿ. ಹೊಟ್ಟೆಯ ಕೊಬ್ಬು, ಬೆನ್ನಿನ ಕೊಬ್ಬು ಕೊಟ್ಟರೆ ಬೇಡವೆನ್ನಿ, ಅವು ಮೆತ್ತಗೆ. ತಂದ ಚರ್ಬಿಯನ್ನು ತಣ್ಣಗೆ ಮಾಡಿ, ಮೇಲಿನ ತೆಳು ಪೊರೆಯನ್ನೂ ರಕ್ತನಾಳಗಳನ್ನೂ ಬಿಡಿಸಿ, ಒಂದು ಹಿಡಿ ಮೈದಾ ಉದುರಿಸಿಕೊಂಡು ಕತ್ತರಿಸಿ. ಹೆಸರುಕಾಳಿನ ಗಾತ್ರ ಸಾಕು. ಗ್ಲಾಸ್ ಕೂಡ ತೀರಾ ಸಣ್ಣದು ಬೇಡ ಎಂದೇ ಬರೆದಿದ್ದಾಳೆ, ಮಿಕ್ಸಿಗೆ ಹಾಕಿದರೆ ಮುದ್ದೆಯಾಗಿ ಮತ್ತೆ ಬೆಣ್ಣೆಯ ಕಥೆಯೇ. ಕುರಿ-ಮೇಕೆಯ ಕೊಬ್ಬಿಗೆ ಒಂದು ವಾಸನೆ ಇರುತ್ತದೆ, ಜಾಯಿಕಾಯಿ ಶುಂಠಿ ಅದನ್ನು ಮುಚ್ಚುತ್ತವೆ. ಮಾಂಸದ್ದು ಬೇಡವಾದರೆ ತಾಳೆಯೆಣ್ಣೆಯಿಂದ ಮಾಡಿದ, ಹಿಟ್ಟು ಸವರಿದ ಸಸ್ಯಾಹಾರಿ ಸೂಯೆಟ್ ಇಂಗ್ಲೆಂಡಿನ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ, ಬರುವವರ ಕೈಲಿ ತರಿಸಿ.

ಮೂಲ ಅಳತೆ ಹೀಗಿದೆ: ಸೂಯೆಟ್, ಕರಂಟ್ಸ್, ಬೀಜ ತೆಗೆದ ಒಣದ್ರಾಕ್ಷಿ, ಹಿಟ್ಟು ತಲಾ ಒಂದು ಪೌಂಡ್ (454 ಗ್ರಾಂ), ಎಂಟು ಮೊಟ್ಟೆ ಆದರೆ ಬಿಳಿ ಅರ್ಧದ್ದು ಮಾತ್ರ, ಒಂದು ಪೆನ್ನಿ ಬ್ರೆಡ್ಡಿನ ತಿರುಳು, ಅರ್ಧ ಜಾಯಿಕಾಯಿ, ಒಂದು ಟೀ ಚಮಚ ಶುಂಠಿ ಪುಡಿ, ಉಪ್ಪು, ಒಂದು ಪೈಂಟ್ ಹಾಲು. ಸಕ್ಕರೆ ಇಲ್ಲವೇ ಇಲ್ಲ, ನೀವಾಗಿ ಸೇರಿಸಬೇಡಿ. ಪ್ಲಮ್ ಹಣ್ಣೂ ಇಲ್ಲ, ಆ ಹೆಸರು ಒಣದ್ರಾಕ್ಷಿಯದು.

ಇದರಲ್ಲಿ ಎರಡು ಕಡೆ ಎಡವುತ್ತಾರೆ. ಪೆನ್ನಿ ಬ್ರೆಡ್ಡಿಗೆ ಬೆಲೆ ನಿಗದಿ, ತೂಕ ನಿಗದಿಯಲ್ಲ. ಗೋಧಿ ತುಟ್ಟಿಯಾದಂತೆ ಬ್ರೆಡ್ಡು ಚಿಕ್ಕದಾಗಬೇಕೆಂಬ ಕಾನೂನು ಅಲ್ಲಿ 13ನೇ ಶತಮಾನದಿಂದಲೂ ಇತ್ತು. ಇನ್ನು ಪೈಂಟ್. ಈಗಿನ 568 ಮಿ.ಲೀ. ಪೈಂಟ್ ಬಂದದ್ದು 1824ರ ಕಾಯ್ದೆಯಿಂದ. ಅದಕ್ಕೆ ಮುಂಚೆ ವೈನ್ ಪೈಂಟ್ (473 ಮಿ.ಲೀ.), ಏಲ್ ಪೈಂಟ್ (ಸುಮಾರು 578 ಮಿ.ಲೀ.) ಎಂದು ಎರಡಿದ್ದವು. ನೂರು ಮಿ.ಲೀ. ಹಾಲು ಹೆಚ್ಚಾದರೆ ಹದವೇ ಕೆಟ್ಟಿತು. ಸದ್ಯ ಗ್ಲಾಸ್ ತಾನೇ ದಾರಿ ತೋರಿಸಿದ್ದಾಳೆ: ಬಹಳ ಗಟ್ಟಿಯಾಗಿ ಕಲಸಲು ಬೇಕಾದಷ್ಟೇ ಹಾಲು. ಆ ಮಾತನ್ನು ನಂಬಿ, ಪೈಂಟನ್ನು ಮರೆಯಿರಿ.

ಮೊದಲ ಸಲಕ್ಕೆ ಅರ್ಧ ಅಳತೆ ಸಾಕು. ಸೂಯೆಟ್, ಮೈದಾ, ಎರಡು ಬಗೆಯ ದ್ರಾಕ್ಷಿ ತಲಾ 225 ಗ್ರಾಂ. ಕರಂಟ್ಸ್ ಸಿಗದಿದ್ದರೆ ಸಣ್ಣ ಕಪ್ಪು ಒಣದ್ರಾಕ್ಷಿ. ಹಳೇ ಬ್ರೆಡ್ಡಿನ ಪುಡಿ 100 ಗ್ರಾಂ, ಈಗಿನ ಮೊಟ್ಟೆ ದೊಡ್ಡದಾದ್ದರಿಂದ ಇಡಿಯಾಗಿ ಮೂರು. ಜಾಯಿಕಾಯಿ ಕಾಲು ಭಾಗ, ಶುಂಠಿ ಅರ್ಧ ಚಮಚ, ಚಿಟಿಕೆ ಉಪ್ಪು. ಮೊಟ್ಟೆ ಕದಡಿ 120 ಮಿ.ಲೀ. ಹಾಲು ಸೇರಿಸಿ, ಅದಕ್ಕೆ ಹಿಟ್ಟು ಮತ್ತು ಬ್ರೆಡ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕೊನೆಗೆ ಸೂಯೆಟ್, ಮಸಾಲೆ, ದ್ರಾಕ್ಷಿ. ಆಮೇಲಿನ ಹಾಲು ಚಮಚ ಚಮಚವಾಗಿ. ಸೌಟು ಎತ್ತಿದರೆ ಹಿಟ್ಟು ಒಲ್ಲೆ ಒಲ್ಲೆ ಎನ್ನುತ್ತಾ ಬೀಳಬೇಕು. ಇಡ್ಲಿ ಹಿಟ್ಟಿನ ಹದಕ್ಕೆ ಬಂದರೆ ಆಗಲೇ ನೀರಾಯಿತು ಎಂದರ್ಥ.

ಬಟ್ಟೆ ಒತ್ತಾದ ನೇಯ್ಗೆಯ ದಪ್ಪ ಹತ್ತಿಯದಿರಲಿ, 60 ಸೆಂ.ಮೀ. ಚೌಕ. ಹೊಸದಾದರೆ ಕುದಿಸಿ ಗಂಜಿ ತೆಗೆಯಿರಿ, ಸೋಪಿನ ವಾಸನೆ ಸುಳಿಯಬಾರದು. ಕುದಿವ ನೀರಿನಲ್ಲಿ ಅದ್ದಿ, ಹಿಂಡಿ, ಬಿಸಿ ಇರುವಾಗಲೇ ಒಳಮೈಗೆ ಎರಡು ದೊಡ್ಡ ಚಮಚ ಮೈದಾ ಉಜ್ಜಿ. ಈ ಪೊರೆಯೇ ಪುಡಿಂಗಿನ ಚರ್ಮ. ಗ್ಲಾಸ್‌ಳ ನಿಯಮದಂತೆ ಬ್ರೆಡ್ ಪುಡಿಂಗನ್ನು ಸಡಿಲವಾಗಿ, ಬರೀ ಹಿಟ್ಟಿನದನ್ನು ಬಿಗಿಯಾಗಿ ಕಟ್ಟಬೇಕು. ನಮ್ಮದರಲ್ಲಿ ಎರಡೂ ಇರುವುದರಿಂದ ಎರಡು ಬೆರಳಿನಷ್ಟು ಜಾಗ ಬಿಡಿ. ತಳಕ್ಕೆ ತಟ್ಟೆ ಕವುಚಿ ಹಾಕಿದ ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುವಾಗಲೇ ಇಳಿಬಿಡಿ. ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಮೈದಾ ಪೊರೆ ಕಟ್ಟುವ ಮೊದಲೇ ತೊಳೆದು ಹೋಗುತ್ತದೆ. ನೀರು ಕಡಿಮೆಯಾದಾಗ ಪಕ್ಕದ ಒಲೆಯ ಕುದಿವ ನೀರನ್ನೇ ಹಾಕಿ, ನಡುನಡುವೆ ಗಂಟನ್ನು ಅಲ್ಲಾಡಿಸಿ. ಪೂರ್ತಿ ಅಳತೆಗೆ ಐದು ಗಂಟೆ, ಅರ್ಧಕ್ಕೆ ನಾಲ್ಕು. ಬೆಂಗಳೂರಿನ ಎತ್ತರಕ್ಕೆ ನೀರು 97 ಡಿಗ್ರಿಗೇ ಕುದಿಯುವುದರಿಂದ ಕಾಲು ಗಂಟೆ ಹೆಚ್ಚಿಗೆ ಕೊಡಿ. ಕುಕ್ಕರ್ ಯೋಚನೆ ಬೇಡ, ಒತ್ತಡ ಇಳಿಯುವಾಗ ಒಳಗಿನ ತೇವ ಒಮ್ಮೆಲೇ ಆವಿಯಾಗಿ ಚರ್ಮ ಬಿರಿಯುತ್ತದೆ. ತೆಗೆದ ಮೇಲೆ ಒಂದು ಕ್ಷಣ ತಣ್ಣೀರಿನಲ್ಲಿ ಅದ್ದಿ, ಹತ್ತು ನಿಮಿಷ ಸೋರಲು ಬಿಟ್ಟು, ಆಮೇಲೆ ಬಿಚ್ಚಿ.

ಬಟ್ಟೆ ಬರುವ ಮುಂಚೆ ಪುಡಿಂಗಿಗೆ ಪ್ರಾಣಿಯ ಕರುಳೋ ಜಠರವೋ ಬೇಕಿತ್ತು, ಅಂದರೆ ಕಡಿದ ದಿನ ಮಾತ್ರ ಪುಡಿಂಗ್. 17ನೇ ಶತಮಾನದಲ್ಲಿ ಪುಡಿಂಗ್ ಬಟ್ಟೆ ಬಳಕೆಗೆ ಬಂದ ಮೇಲೆ ಓವನ್ ಇಲ್ಲದ ಮನೆಯಲ್ಲೂ, ಮಾಂಸ ಬೇಯುವ ಅದೇ ಪಾತ್ರೆಯಲ್ಲಿ, ಬೇಕೆಂದ ದಿನ ಮಾಡುವಂತಾಯಿತು.

ಇನ್ನು ಸಪ್ಪೆಯ ವಿಚಾರ. ಅದು ತಪ್ಪು. ಸುಮಾರು 1390ರಲ್ಲಿ ಎರಡನೇ ರಿಚರ್ಡ್ ದೊರೆಯ ಬಾಣಸಿಗರು ಬರೆಸಿದ ಪಾಕಸುರುಳಿಯಲ್ಲಿ ಶುಂಠಿ, ದಾಲ್ಚಿನ್ನಿ, ಲವಂಗ, ಕೇಸರಿ, ಪಶ್ಚಿಮ ಘಟ್ಟದಿಂದ ಅಲೆಗ್ಸಾಂಡ್ರಿಯ, ವೆನಿಸ್ ಸುತ್ತಿಕೊಂಡು ಹೋದ ಮೆಣಸು ಎಲ್ಲ ಇವೆ. ಕೊಳೆತ ಮಾಂಸದ ವಾಸನೆ ಮುಚ್ಚಲು ಮಸಾಲೆ ಹಾಕುತ್ತಿದ್ದರು ಎನ್ನುವುದು ಬರೀ ಪುಕಾರು, ಮಾಂಸಕ್ಕಿಂತ ಮಸಾಲೆಯೇ ತುಟ್ಟಿಯಾಗಿತ್ತು. 17ನೇ ಶತಮಾನದಲ್ಲಿ ಮಸಾಲೆ ಅಗ್ಗವಾಗಿ, ಫ್ರಾನ್ಸಿನ ಬೆಣ್ಣೆ-ಸೊಪ್ಪಿನ ಅಡುಗೆ ದೊಡ್ಡವರ ಮನೆಗೆ ಬಂದಾಗ ಮಸಾಲೆ ಹಿಂದೆ ಸರಿಯಿತು. ಆದರೂ ಗ್ಲಾಸ್‌ಳ ಇದೇ ಪುಸ್ತಕದಲ್ಲಿ ಭಾರತದ ರೀತಿಯ ಕರಿ ಇದೆ: ಕೋಳಿ ಅಥವಾ ಮೊಲ, ಈರುಳ್ಳಿ, 30 ಮೆಣಸಿನಕಾಳು, ಒಂದು ದೊಡ್ಡ ಚಮಚ ಅಕ್ಕಿ, ಶುಚಿಯಾದ ಸಲಿಕೆಯ ಮೇಲೆ ಹುರಿದು ಕುಟ್ಟಿದ ಕೊತ್ತಂಬರಿ ಬೀಜ. ಅರಿಶಿನವಿಲ್ಲ, ಒಣಮೆಣಸಿನಕಾಯಿ ಇಲ್ಲ. ಸಲಿಕೆಯ ಮೇಲೆ ಹುರಿದದ್ದಕ್ಕೆ ನಗು ಬಂದರೂ, ಹುರಿದು ಕುಟ್ಟಬೇಕೆಂಬುದು ಅವಳಿಗೆ ತಿಳಿದಿತ್ತು.

ನೀವು ಕೇಳಿರುವ ಸಪ್ಪೆಗೆ ದೊಡ್ಡ ಕಾರಣ ತೀರಾ ಇತ್ತೀಚಿನದು. 1940ರ ಜನವರಿ 8ರಿಂದ 1954ರ ಜುಲೈ 4ರವರೆಗೆ ರೇಷನ್. ಹೆಚ್ಚಾಗಿ ಒಬ್ಬರಿಗೆ ವಾರಕ್ಕೆ 57 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, 227 ಗ್ರಾಂ ಸಕ್ಕರೆ. ಹದಿನಾಲ್ಕು ವರ್ಷ ಹಾಗೆ ಅಡುಗೆ ಕಲಿತವರ ಕೈರುಚಿಯನ್ನು ಆರು ಶತಮಾನಗಳ ತಲೆಗೆ ಕಟ್ಟುವುದು ಅನ್ಯಾಯ.

ಮೊಟ್ಟೆಯೂ ಬೇಡ ಎನ್ನುವವರಿಗೆ ಈ ಪುಡಿಂಗ್ ಆಗದು. ಅವರಿಗೆ 1837ರ ಕಸ್ಟರ್ಡ್ ಪುಡಿ ಇದೆ, ಮೊಟ್ಟೆ ಒಗ್ಗದ ಹೆಂಡತಿಗೆಂದು ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಕಾರ್ನ್‌ಫ್ಲೋರಿನಿಂದ ಮಾಡಿದ್ದು. ನಮ್ಮ ಮನೆಗಳ ಫ್ರೂಟ್ ಸಲಾಡಿನ ಕಸ್ಟರ್ಡ್ ಆ ವಂಶದ್ದೇ. ಪುಡಿಂಗ್ ಉಳಿದರೆ ಮರುದಿನ ಬೆರಳು ದಪ್ಪದ ಹೋಳು ಮಾಡಿ ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಹುರಿಯಿರಿ. ನಿಮ್ಮ ಬೆಣ್ಣೆಯನ್ನು ಅದಕ್ಕೆ ಬಳಸಿ.