ಹತ್ತು ದಿನದ ಡ್ರೈವಿಂಗ್, ಟ್ರ್ಯಾಕ್ಟರ್ ಬ್ರೇಕು, ರಾತ್ರಿ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ಮಗನಿಗೆ 18 ತುಂಬಿದೆ. ಡ್ರೈವಿಂಗ್ ಸ್ಕೂಲಿನವರು ಹತ್ತೇ ದಿನದಲ್ಲಿ ಕಾರು ಕಲಿಸಿ ಲೈಸೆನ್ಸೂ ಮಾಡಿಸಿಕೊಡುತ್ತೇವೆ ಅನ್ನುತ್ತಾರೆ. ಅಷ್ಟು ಸಾಕೇ? – ಓದುಗರು, ಗಂಗಾವತಿ

ಉ: ಸಾಲದು. ಲೈಸೆನ್ಸಂತೂ ಹತ್ತು ದಿನಕ್ಕೆ ಬರುವುದೇ ಇಲ್ಲ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಆಗಿ 30 ದಿನ ಕಳೆದ ಮೇಲೆಯೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಆದ್ದರಿಂದ ಅವಸರ ಬೇಡ. ಸ್ವಂತ ಬಳಕೆಯ ಕಾರಿಗೆ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ಸ್ವತಃ ಓಡಿಸಿದ ಹೊತ್ತು ಕನಿಷ್ಠ 10 ಗಂಟೆ ಆಗಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಲಾರಿ, ಬಸ್ಸಿಗೆ 30 ದಿನ, 15 ಗಂಟೆ.

ಈಗ ಲೆಕ್ಕ ಹಾಕಿ. ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೆ 20 ನಿಮಿಷ ಸ್ಟೇರಿಂಗ್ ಕೊಟ್ಟರೆ, ಹತ್ತು ದಿನಕ್ಕೆ ಆಗುವುದು ಮೂರು ಗಂಟೆ 20 ನಿಮಿಷ. ದುಡ್ಡು ಕಟ್ಟುವ ಮೊದಲು ದಿನವಲ್ಲ, ಗಂಟೆ ಕೇಳಿ. ಕಲಿಸುವವರ ಕಾಲಡಿಯೂ ಕ್ಲಚ್, ಬ್ರೇಕ್ ಇದೆಯೇ ಅಂತ ಬಗ್ಗಿ ನೋಡಿ.

ಸ್ಕೂಲು ಮುಗಿದ ಮೇಲೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಕೆಲಸ ರೂಢಿ ಮಾಡಿಸಿ: ಏರಿನಲ್ಲಿ ಹಿಂದೆ ಜಾರದಂತೆ ಹ್ಯಾಂಡ್‌ಬ್ರೇಕ್ ಬಿಡುತ್ತಾ ಗಾಡಿ ಎತ್ತುವುದು, ಬರೀ ಕನ್ನಡಿ ನೋಡಿ ರಿವರ್ಸ್ ತೆಗೆಯುವುದು, ಮುಂದಿನ ಗಾಡಿಯಿಂದ ಅಂತರ ಕಾಯುವುದು. ಅಂತರಕ್ಕೆ ಅಳತೆ ಸುಲಭ. ಮುಂದಿನ ಗಾಡಿ ಒಂದು ಕರೆಂಟು ಕಂಬ ದಾಟಿದ ಕೂಡಲೇ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಎಣಿಸಲಿ. ಎಣಿಕೆ ಮುಗಿಯುವ ಮೊದಲೇ ನಿಮ್ಮ ಗಾಡಿ ಕಂಬಕ್ಕೆ ಬಂದರೆ ಅಂತರ ಕಮ್ಮಿ ಆಯಿತು. ಮಳೆಯಲ್ಲಿ ಆರರವರೆಗೆ ಎಣಿಸಬೇಕು.

ಪ್ರ: ರೋಡಿನ ಮೇಲೆ ಬ್ರೇಕ್ ಒತ್ತಿದರೆ ನಮ್ಮ ಟ್ರ್ಯಾಕ್ಟರ್ ಬಲಕ್ಕೆ ಎಳೆಯುತ್ತದೆ. ನಾಟಿ ಹೊತ್ತಿಗೆ ಟ್ರ್ಯಾಲಿಯಲ್ಲಿ ಹೆಣ್ಣಾಳುಗಳನ್ನೂ ಕರೆದೊಯ್ಯಬೇಕು. ದೋಷ ಎಲ್ಲಿದೆ? – ರೈತರು, ಸಿಂಧನೂರು ತಾಲ್ಲೂಕು

ಉ: ಮೊದಲು ನೋಡಬೇಕಾದದ್ದು ಬಲಗಾಲಿನ ಎರಡು ಬ್ರೇಕ್ ಪೆಡಲ್‌ಗಳ ನಡುವಿನ ಲಾಕನ್ನು. ಎಡ ಪೆಡಲ್ ಹಿಂದಿನ ಎಡಗಾಲಿಯನ್ನು, ಬಲ ಪೆಡಲ್ ಬಲಗಾಲಿಯನ್ನು ಹಿಡಿಯುತ್ತದೆ. ಹೊಲದ ತುದಿಯಲ್ಲಿ ಗಕ್ಕನೆ ತಿರುಗಿಸಲು ಹೀಗೆ ಬೇರೆ ಬೇರೆ ಇಟ್ಟಿರುತ್ತಾರೆ. ಮಡಿಯಿಂದ ರೋಡಿಗೆ ಏರುವಾಗ ಲಾಕ್ ಹಾಕಿ ಎರಡನ್ನೂ ಒಂದು ಮಾಡಲೇಬೇಕು. ಹಾಕದೆ ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಆ ಕಡೆಗೆ ಗಿರಕಿ ಹೊಡೆದು ಮಗುಚುತ್ತದೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈ ಲಾಕ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಇಲ್ಲವೇ ಮುರಿದು ಬಿದ್ದಿರುತ್ತದೆ.

ಲಾಕ್ ಹಾಕಿದ ಮೇಲೂ ಎಳೆದರೆ ಎರಡು ಪೆಡಲ್‌ಗಳ ಸಡಿಲ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಇಳಿಯುವಷ್ಟು) ಸಮ ಇಲ್ಲ, ಅಥವಾ ಒಂದು ಕಡೆಯ ಆಯಿಲ್ ಸೀಲ್ ಸೋರಿ ಲೈನರ್ ನೆನೆದಿದೆ. ಹಿಂದಿನ ಟಯರುಗಳ ಗಾಳಿ ಹೆಚ್ಚುಕಮ್ಮಿ ಆದರೂ ಹೀಗಾಗುತ್ತದೆ, ಇವೆರಡಕ್ಕಿಂತ ಮೊದಲು ಅದನ್ನೇ ನೋಡಿ. ಪರೀಕ್ಷೆ ಹೀಗೆ: ಟ್ರ್ಯಾಲಿ ಬಿಚ್ಚಿ, ಸಮತಟ್ಟಾದ ಮಣ್ಣಿನ ಬಯಲಿನಲ್ಲಿ ನಿಧಾನಕ್ಕೆ ಓಡಿಸಿ, ಎರಡೂ ಪೆಡಲ್ ಕೂಡಿಸಿ ಒತ್ತಿ. ಇಳಿದು ಗಾಲಿ ಉಜ್ಜಿದ ಗುರುತು ನೋಡಿ. ಯಾವ ಕಡೆಯದು ಉದ್ದವೋ ಆ ಕಡೆಯ ಬ್ರೇಕ್ ಹೆಚ್ಚು ಹಿಡಿಯುತ್ತಿದೆ. ಸಡಿಲ ಎಷ್ಟಿರಬೇಕೆಂಬುದು ಟ್ರ್ಯಾಕ್ಟರಿನ ಪುಸ್ತಕದಲ್ಲಿದೆ.

ಟ್ರ್ಯಾಲಿಯ ಮಾತು ಬೇರೆ. ಬಹುಪಾಲು ಟ್ರ್ಯಾಲಿಗೆ ಬ್ರೇಕೇ ಇರುವುದಿಲ್ಲ. ನೆಲ್ಲಿನ ಚೀಲ ಹೇರಿದಾಗ ಎಡದಂಡೆ ಕಾಲುವೆಯ ಏರಿಯಿಂದ ಇಳಿಯುತ್ತಾ ಬ್ರೇಕ್ ಒತ್ತಿದರೆ ಟ್ರ್ಯಾಲಿ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಕ್ಲಚ್ ಒತ್ತಿಕೊಂಡೇ ಇಳಿಸುವುದು ಎರಡೂ ಬೇಡ. ಹುಕ್ಕಿನ ಪಿನ್ನಿಗೆ ತಂತಿ ಸುತ್ತಿ ಸಾಗಿಸಬೇಡಿ. ಕ್ಲಿಪ್ ಹಾಕಿ, ಮೇಲೊಂದು ಸರಪಳಿಯನ್ನೂ ಬಿಗಿಯಿರಿ.

ಆಳುಗಳ ವಿಷಯದಲ್ಲಿ ರಿಯಾಯಿತಿ ಕೊಡಲಾರೆವು. ಟ್ರ್ಯಾಲಿ ಸಾಮಾನಿಗೆ, ಟ್ರ್ಯಾಕ್ಟರಿನಲ್ಲಿ ಸೀಟಿರುವುದು ಡ್ರೈವರಿಗೆ ಮಾತ್ರ, ಮಡ್‌ಗಾರ್ಡ್ ಸೀಟಲ್ಲ. ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ವಿಮಾ ಕಂಪನಿಯೂ ಕೈ ಎತ್ತುತ್ತದೆ. ಆಳಿಗಿಷ್ಟು ಅಂತ ಹಾಕಿ ಪ್ಯಾಸೆಂಜರ್ ಆಟೋ ಗೊತ್ತು ಮಾಡಿಕೊಳ್ಳಿ.

ಪ್ರ: ರಾಯಚೂರಿನಿಂದ ರಾತ್ರಿ ಬರುವಾಗ ಎದುರು ಲಾರಿಯ ಲೈಟಿಗೆ ಕಣ್ಣು ಕತ್ತಲು ಕಟ್ಟುತ್ತದೆ. ಕಾರಿಗೆ ಎಲ್‌ಇಡಿ ಹಾಕಿಸಲೇ? – ಓದುಗರು, ಲಿಂಗಸುಗೂರು

ಉ: ಬೇಡ. ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ದಿಕ್ಕಾಪಾಲಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅವನೂ ಅದನ್ನೇ ಮಾಡಿಸಿರುವುದರಿಂದಲೇ ನಿಮಗೆ ಈ ಪಾಡು. ಮುಂದಿನ ಗಾಜನ್ನು ಒಳಮೈ ಕಡೆಯಿಂದ ಒರೆಸಿ. ಅಲ್ಲಿ ಕೂತ ಜಿಡ್ಡು ಎದುರಿನ ಬೆಳಕನ್ನು ಹರಡುತ್ತದೆ. ಹೆಡ್‌ಲೈಟಿನ ಮುಚ್ಚಳ ಹಳದಿಯಾಗಿದ್ದರೆ ಪಾಲಿಷ್ ಮಾಡಿಸಿ. ಲಾರಿ ಹತ್ತಿರವಾದಾಗ ಡಿಮ್ ಮಾಡಿ, ದೃಷ್ಟಿಯನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯಿರಿ.

ಲೈಟಿಗಿಂತ ವೇಗದ ಲೆಕ್ಕ ಮುಖ್ಯ. ಡಿಮ್ಮಿನಲ್ಲಿ ಸರಿಯಾಗಿ ಕಾಣುವುದು ಸುಮಾರು 40 ಮೀಟರ್. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ ಅಲ್ಲಿಗೇ 33 ಮೀಟರ್ ಹೋಯಿತು, ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 35 ಮೀಟರಿನಷ್ಟು ಬೇಕು. ಅಂದರೆ ಲೈಟಿಲ್ಲದ ಹತ್ತಿ ಗಾಡಿಯೊಂದು ಮುಂದೆ ನಿಂತಿದ್ದರೆ, ಅದು ಕಾಣುವ ಹೊತ್ತಿಗೆ ನಿಲ್ಲಿಸುವ ಜಾಗವೇ ಉಳಿದಿರುವುದಿಲ್ಲ. 60ಕ್ಕೆ ಒಟ್ಟು 45 ಮೀಟರ್ ಬೇಕು, 50ಕ್ಕೆ ಸುಮಾರು 35. ಡಿಮ್ಮಿನಲ್ಲಿದ್ದಷ್ಟು ಹೊತ್ತು 50 ದಾಟಬೇಡಿ. ನಿಮ್ಮದೇ ಗಾಡಿ ಕೆಟ್ಟು ನಿಂತರೆ ಇಂಡಿಕೇಟರ್ ನಾಲ್ಕೂ ಹಚ್ಚಿ, ಎಚ್ಚರಿಕೆಯ ತ್ರಿಕೋನವನ್ನು 50 ಮೀಟರ್ ಹಿಂದೆ ಇಡಿ. ಸುತ್ತ ಕಲ್ಲು ಜೋಡಿಸಿ, ರಿಪೇರಿಯಾದ ಮೇಲೆ ಹಾಗೇ ಬಿಟ್ಟು ಹೋಗುವ ಚಾಳಿ ನಮ್ಮ ಕಡೆ ಬಹಳ. ಆ ಕಲ್ಲಿಗೆ ಬೈಕಿನವರು ಬೀಳುತ್ತಾರೆ.

ಪ್ರ: ಸಂಡೂರಿನಿಂದ ತೋರಣಗಲ್ಲಿಗೆ ದಿನಾ ಬೈಕಿನಲ್ಲಿ ಡ್ಯೂಟಿಗೆ ಹೋಗುತ್ತೇನೆ. ಅದಿರು ಲಾರಿಗಳನ್ನು ಹೇಗೆ ದಾಟಲಿ? – ಓದುಗರು, ಸಂಡೂರು

ಉ: ಎಡದಿಂದ ಎಂದೂ ದಾಟಬೇಡಿ. ಲಾರಿಯ ಎಡ ಮಗ್ಗುಲು, ಅದರಲ್ಲೂ ಕ್ಯಾಬಿನ್ನಿನ ಪಕ್ಕ, ಡ್ರೈವರಿಗೆ ಕಾಣುವುದೇ ಇಲ್ಲ. ಅವರ ಕನ್ನಡಿಯಲ್ಲಿ ನಿಮಗೆ ಅವರ ಮುಖ ಕಂಡರೆ ಮಾತ್ರ ನೀವು ಅವರಿಗೆ ಕಾಣುತ್ತೀರಿ. ಎಡಕ್ಕೆ ತಿರುಗುವ ಉದ್ದ ಲಾರಿ ಮೊದಲು ಬಲಕ್ಕೆ ವಾಲುತ್ತದೆ. ಎಡದಲ್ಲಿ ಜಾಗ ಬಿಟ್ಟರೆಂದು ನುಗ್ಗಿದವರು ಹಿಂದಿನ ಗಾಲಿಗೆ ಸಿಕ್ಕುತ್ತಾರೆ.

ಬಲ ಇಂಡಿಕೇಟರ್ ಹಾಕಿದರೆ ಕೆಲವರ ಲೆಕ್ಕದಲ್ಲಿ 'ದಾಟಿಕೋ', ಇನ್ನು ಕೆಲವರ ಲೆಕ್ಕದಲ್ಲಿ 'ಬಲಕ್ಕೆ ತಿರುಗುತ್ತೇನೆ'. ಕಾನೂನಿಗೆ ಎರಡನೆಯದೇ ಅರ್ಥ, ನೀವೂ ಅದನ್ನೇ ಹಿಡಿಯಿರಿ. ರಸ್ತೆಯಂಚಿನ ಅದಿರಿನ ಪುಡಿಯ ಮೇಲೆ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಬೈಕ್ ಜಾರುತ್ತದೆ. ಮೊದಲ ಮಳೆಗೆ ಅದೇ ಪುಡಿ ಕೆಸರಾಗಿ ಇನ್ನೂ ಮೋಸ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತಿರಲಿ, ಪಟ್ಟಿ ಬಿಗಿದಿರಲಿ, ಧೂಳಿಗೆ ಗೀರು ಬಿದ್ದ ಗಾಜನ್ನು ಬದಲಿಸಿ.

ಪ್ರ: ಮಗಳಿಗೆ 16. ಟ್ಯೂಷನ್ನಿಗೆ ಎಲೆಕ್ಟ್ರಿಕ್ ಸ್ಕೂಟರ್ ಕೊಡಬಹುದೇ? – ಓದುಗರು, ಕೊಪ್ಪಳ

ಉ: ಮೋಟರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಮಾದರಿಗೆ ಲೈಸೆನ್ಸ್ ಬೇಡ. ಆದರೂ ಹೆಲ್ಮೆಟ್ ಹಾಕಿಸಿ, ಹೆದ್ದಾರಿಗೆ ಬಿಡಬೇಡಿ. ಅದಕ್ಕಿಂತ ವೇಗದ ಗಾಡಿಯನ್ನು ಲೈಸೆನ್ಸಿಲ್ಲದೆ ಕೊಟ್ಟು ಅಪ್ರಾಪ್ತರು ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗಳಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಸಿಗುವುದಿಲ್ಲ.